ಪೇಶಂಟ್ ಆಗಿ ಮಲಗಿದ ಡಾಕ್ಟರ್

ನೀವು ಎಂದಾದರೂ ಡಾಕ್ಟರನ್ನು ಕೌದಿಯೊಳಗೆ ಮುಚ್ಚಿಟ್ಟಿದ್ದೀರಾ? ನನ್ನ ತಂಗಿ ಶರಣಮ್ಮ ಮುಚ್ಚಿಟ್ಟಿದ್ದಾಳೆ.

ಅವಳಿರುವುದು ಔರಾದ ಹತ್ತಿರದ ಹಳ್ಳಿಯಲ್ಲಿ. ಅಲ್ಲೊಬ್ಬ 'ಡಾಕ್ಟರ್ ಸಾಬ್'. ಓದಿದ್ದೇನು? ಭಾಲ್ಕಿಯ ಮೆಡಿಕಲ್ ಶಾಪಿನಲ್ಲಿ ಗುಳಿಗೆ ಕಟ್ಟಿಕೊಡುತ್ತಿದ್ದ, ಅಷ್ಟೇ. ಜ್ವರಕ್ಕೂ ಸೂಜಿ, ಮಂಡಿನೋವಿಗೂ ಸೂಜಿ. ಎಲ್ಲರಿಗೂ ಅದೇ ಸೂಜಿ. ಶರಣಮ್ಮನ ಕೂಡುವ ಜಾಗದಲ್ಲಿ, ಚುಚ್ಚಿದಲ್ಲೇ ಕೀವು ತುಂಬಿ ನಿಂಬೆಹಣ್ಣಿನಷ್ಟು ಗಡ್ಡೆ. ಒಂದೇ ಮಗ್ಗುಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಸರಕಾರಿ ಆಸ್ಪತ್ರೆಗೆ ನಡಿ ಎಂದರೆ, ಅವನ ಕೈಗುಣ ಭಾಳ ಚೊಲೊ ಎಂದಳು. (ಗುಣ ಕೈಯಲ್ಲಿರಬಹುದು, ಸೂಜಿಯಲ್ಲಿರಲಿಲ್ಲ.)

ಈಗ ನನಗೆ ಫೋನಿನಲ್ಲಿ ಟೈಪ್ ಮಾಡಲು ಬರುತ್ತದಲ್ಲ? ಬೀದರಿನ ಚಿದ್ರಿಯ ನಮ್ಮ ಮನೆಯಲ್ಲಿ ಕೂತು ಆರೋಗ್ಯ ಇಲಾಖೆಗೆ ದೂರು ಕುಟ್ಟಿದೆ. (ಮುಗಿಸುವುದರಲ್ಲಿ ಒಲೆಯ ಮೇಲಿನ ಬೇಳೆ ಸೀದಿತ್ತು.) ಮುಂದಿನ ವಾರ ತಂಗಿಯ ಜೊತೆ ನಾನೂ ಆ ಕ್ಲಿನಿಕ್ಕಿನಲ್ಲಿದ್ದಾಗಲೇ ಜೀಪು ಬಂತು.

ಸದ್ದು ಕೇಳಿದ್ದೇ ಡಾಕ್ಟರ್ ಕೋಟು ಬಿಚ್ಚಿ ಪೇಶಂಟಿನ ಮಂಚ ಹತ್ತಿದ. ನಮ್ಮ ಶರಣಮ್ಮ, ಅದೇ ಗಡ್ಡೆಯವಳು, ಅವನಿಗೆ ಕೌದಿ ಹೊದಿಸಿ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟಳು. ಇಲಾಖೆಯ ಮೇಡಂ ಡಾಕ್ಟರ್ ಎಲ್ಲಿ ಎಂದು ಕೇಳಿದರು. ಕೂತಿದ್ದ ಪೇಶಂಟುಗಳಲ್ಲಿ ಯಾರಿಗೂ ಗೊತ್ತಿಲ್ಲ. ಇವನ್ಯಾರು ಎಂದರೆ, ತನ್ನ ಮೈದುನ, ನಿನ್ನೆಯಿಂದ ಜ್ವರ ಎಂದಳು ತಂಗಿ. ಮೇಡಂ ಪಾಪ, ಅವನ ಬಿಪಿ ನೋಡಿದರು. ಸಿಕ್ಕಾಪಟ್ಟೆ ಏರಿತ್ತು.

ಡಾಕ್ಟರೇ ಸಿಗದಿದ್ದರೆ ಕೇಸ್ ಯಾರ ಮೇಲೆ? ಜೀಪು ಹೀಗೇ ಹೋಗಿಬಿಟ್ಟರೆ ಮತ್ತೆ ಅದೇ ಸೂಜಿ, ಅದೇ ಶರಣಮ್ಮ.

"ಮೇಡಂ, ನಮ್ಮ ಪೇಶಂಟ್ ನಡಗಲಾಕತ್ಯಾನರಿ. ಆ ಟ್ರೇದಾಗಿನ ಸೂಜಿಲಿಂದೇ ಒಂದು ಇಂಜೆಕ್ಷನ್ ಕೊಟ್ಟುಬಿಡ್ರಿ," ಎಂದೆ.

ಮೇಡಂ ನನ್ನ ಮುಖ ನೋಡಿದರು. ಜಾಣೆ. ಸುಮ್ಮನೆ ಸೂಜಿ ಎತ್ತಿಕೊಂಡು ಮಂಚದ ಕಡೆ ಹೊರಟರು.

ಕೌದಿ ಹಾರಿತು. "ಅದು ಬ್ಯಾಡ್ರಿ ಮೇಡಂ, ಮುಂಜಾನಿಂದ ಎಲ್ಲರಿಗೂ ಅದರಾಗೇ ಮಾಡೀನಿ."

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಬೇಕಂತೆ. ಕೋರ್ಟಿನಲ್ಲಿ ನಿಂತು ಹೇಳುವವರು ಬೇಕಂತೆ. ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ಶರಣಮ್ಮ ಮಾತ್ರ ನಿಂತೇ ಇದ್ದಳು. (ಕೂಡಲು ಬರುತ್ತಿರಲಿಲ್ಲ.)

"ನಿನಗ ಬ್ಯಾಡಾದ ಸೂಜಿ ನನಗ ಹ್ಯಾಂಗ ನಡೀತೋ, ಮೈದುನಾ?" ಎಂದು ಅವನನ್ನು ಕೇಳಿ, ಮೇಡಂ ಕಡೆ ತಿರುಗಿದಳು. "ಬರ್ಕೋರಿ. ನಾ ಹೇಳ್ತೇನಿ."

ಬೀದರಿನ ಆಸ್ಪತ್ರೆಯಲ್ಲಿ ಅವಳ ಗಡ್ಡೆ ಕೊಯ್ದು ಕೀವು ತೆಗೆದರು. ಕೇಸ್ ನಡೆದಿದೆ. ಕ್ಲಿನಿಕ್ಕಿಗೆ ಸೀಲ್ ಬಿದ್ದಿದೆ. ಆದರೂ ಆ ಬಾಗಿಲ ಮುಂದೆ ದಿನಾ ಮುಂಜಾನೆ ಜ್ವರದವರು ಬಂದು ಕೂಡುತ್ತಾರೆ. ಹತ್ತಿರ ಬೇರೆ ಡಾಕ್ಟರ್ ಇಲ್ಲವಲ್ಲ.

ಬೀಗ ಹಾಕಲು ಜೀಪು ಕಳಿಸಿದ ಸರಕಾರ, ಅದರಲ್ಲೇ ಒಬ್ಬ ಡಾಕ್ಟರನ್ನೂ ಕೂರಿಸಿ ಕಳಿಸಿದ್ದರೆ ಜಾಗ ಸಾಲುತ್ತಿರಲಿಲ್ಲವೇ?