ಬಿರಗೂನಾದ ಸಿಹಿನೀರಿನ ಬಾವಿ

ಬಿರಗೂನಾದಲ್ಲಿ ಬಾವಿ ತೋಡಿದವನ ಹೆಸರನ್ನು ಅಳಿಸಿದವಳು ನಾನು. ನಾನು ಬರೆಯುತ್ತಿದ್ದ ವಿಶ್ವಕೋಶದ ಸಂಪಾದಕರು ಅಳಿಸು ಎಂದಿರಲಿಲ್ಲ. ಪುರಾವೆ ಇತ್ತು, ಕಣ್ಣಾರೆ ನೋಡಿದ್ದೆ — ನೋಡಿಯೂ ಇಲ್ಲವೆಂದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಮಾತನ್ನು ಸಿಂಗರಿಸಲು ಶುರುಮಾಡುತ್ತೇನೆ. ನನಗೆ ಆ ಚಟ ಇದೆ.

ಬಿರಗೂನಾ ಯಾವ ಊರು ಎಂದು ಕೇಳುತ್ತೀರಿ. ಆಸ್ಟ್ರೇಲಿಯಾದ ಒಳನಾಡಿನ ಕೆಂಪು ಬಯಲಿನಲ್ಲಿರುವ ಒಂದೇ ಬೀದಿಯ ಊರು. ಪಶ್ಚಿಮಕ್ಕೆ ಒಣಗಿದ ಉಪ್ಪಿನ ಕೆರೆ. ಪೂರ್ವಕ್ಕೆ ಗುಡ್ಡ — ಗುಡ್ಡ ಎನ್ನುವುದು ಮರ್ಯಾದೆಯ ಮಾತು, ನಮ್ಮ ವಿಜಾಪುರದ ಕಡೆ ಅದನ್ನು ದಿಬ್ಬ ಎನ್ನುತ್ತಿದ್ದೆವು. ತಗಡಿನ ಮನೆಗಳು, ಒಂದು ಹೆಂಡದಂಗಡಿ, ಅಪರೂಪಕ್ಕೆ ರೈಲು ನಿಲ್ಲುವ ಕಟ್ಟೆ. ತಾಮ್ರ ಸಿಕ್ಕಿತೆಂದು ಊರು ಹುಟ್ಟಿತು. ತಾಮ್ರ ಮುಗಿದರೂ ಊರು ಉಳಿಯಿತು, ಏಕೆಂದರೆ ಸುತ್ತ ಎಲ್ಲಿ ಅಗೆದರೂ ಸವುಳು ನೀರು, ಅಲ್ಲೊಂದು ಬಾವಿಯಲ್ಲಿ ಮಾತ್ರ ಸಿಹಿನೀರು.

ಇದನ್ನೆಲ್ಲ ಹೇಳಿದವಳು ಜರೀನಾ. ಎಪ್ಪತ್ತರ ದಶಕದ ಆರಂಭದಲ್ಲಿ ನಾವಿಬ್ಬರೂ ಮ್ಯಾನ್‌ಹಟನ್ನಿನಲ್ಲಿ ಆ ವಿಶ್ವಕೋಶದ ಕಚೇರಿಯಲ್ಲಿದ್ದೆವು. ನಾನು ಧಾರವಾಡದಲ್ಲಿ ಭೂಗೋಳದ ಎಂ.ಎ. ಮಾಡಿ, ಎಂಜಿನಿಯರನನ್ನು ಮದುವೆಯಾಗಿ, ಜರ್ಸಿ ಸಿಟಿಯಿಂದ ನದಿಯಡಿಯ ರೈಲಿನಲ್ಲಿ ದಿನಾ ಕಮ್ಯೂಟ್ ಮಾಡುತ್ತಿದ್ದವಳು. ಯಾರಿಗೂ ಬೇಡವಾದ ಸಣ್ಣ ಊರುಗಳ ಬಗ್ಗೆ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಜರೀನಾ ನಕಾಶೆ ಬಿಡಿಸುತ್ತಿದ್ದಳು. ಅವಳು ಹುಟ್ಟಿದ್ದು ಬಿರಗೂನಾದಲ್ಲೇ. ಮಧ್ಯಾಹ್ನ ನನ್ನ ಚಪಾತಿ, ಶೇಂಗಾ ಚಟ್ನಿಗೆ ಅವಳು ಕೈಹಾಕುವಳು, ಬದಲಿಗೆ ಅಜ್ಜನ ಕಥೆ ಹೇಳುವಳು.

ಅಜ್ಜ ದಾದ್ ಖಾನ್. ಎಲ್ಲವೂ ಇಂಗ್ಲಿಷರ ಕೈಯಲ್ಲಿದ್ದ ಕಾಲದಲ್ಲಿ ಪೇಶಾವರದ ಕಡೆಯಿಂದ ಒಂಟೆಗಳ ಜೊತೆ ಹಡಗು ಹತ್ತಿದವನು. ಎಲ್ಲಿ ನೀರಿದೆ ಎಂದು ತೋರಿಸಿದವರು ಆ ನೆಲದ ಮೂಲದ ಜನ. ಅಗೆದು, ಸುತ್ತ ಕಲ್ಲು ಕಟ್ಟಿದವನು ಅವನು. ಅವರದೇ ಹುಡುಗಿಯನ್ನು ಮದುವೆಯೂ ಆದ. ಗಣಿಯವರು ಅವನ ಬಾವಿಯ ನೀರು ಕುಡಿದರು, ಅವನ ಒಂಟೆಗಳ ಮೇಲೆ ಸಾಮಾನು ಹೇರಿದರು, ಮನೆ ಮಾತ್ರ ರೈಲುಹಳಿಯ ಆಚೆ ಕಟ್ಟಿಕೋ ಎಂದರು.

ನಾವು ಕಚೇರಿಯಲ್ಲಿದ್ದ ಆ ದಿನಗಳಲ್ಲಿ, ತೋಡಿದವರ ಹೆಸರು ಕೆತ್ತಿಸಿ ಬಾವಿಯ ಬಳಿ ಒಂದು ಕಲ್ಲು ನಿಲ್ಲಿಸಬೇಕೆಂದು ಊರಿನ ಆಡಳಿತ ಹೊರಟಿತ್ತು. ಮನೆಯ ಮಾತು ಪುರಾವೆಯಲ್ಲ, ಅಚ್ಚಾದದ್ದು ಬೇಕು ಎಂದಿದ್ದರಂತೆ. "ನೀನು ಬರೆದರೆ ಅದು ಅಚ್ಚಾಗುತ್ತೆ," ಎಂದಳು ಜರೀನಾ. "ಅಮ್ಮನ ಕಣ್ಣು ಮಂಜಾಗ್ತಿದೆ. ಅಷ್ಟರೊಳಗೆ ಅವಳು ತನ್ನಪ್ಪನ ಹೆಸರು ಓದಬೇಕು."

ನಾನು ಹುಡುಕಿದೆ, ಸುಳ್ಳಲ್ಲ. ಶನಿವಾರಗಳಲ್ಲಿ ಲೈಬ್ರರಿಯಲ್ಲಿ ಕುಳಿತು ಹಳೆಯ ಸರ್ವೆ ಹಾಳೆಗಳನ್ನು ತಿರುವಿಹಾಕಿದೆ. ಒಂದರಲ್ಲಿ ಸಿಕ್ಕೇಬಿಟ್ಟಿತು — ಸಣ್ಣ ದುಂಡು ಗುರುತು, ಪಕ್ಕದಲ್ಲಿ 'ಖಾನನ ಬಾವಿ' ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಮ್ಮ ಅಜ್ಜಿ ನೆನಪಾದಳು. ಬೆಳಿಗ್ಗೆ ಮೊದಲ ಕೊಡ ಸೇದುವ ಮುಂಚೆ ಅವಳು ಬಾವಿಯ ಕಟ್ಟೆ ಮುಟ್ಟಿ, ಅದನ್ನು ತೋಡಿದವರ ಹೆಸರು ಹೇಳಿ, "ಅವರ ಹೊಟ್ಟಿ ತಣ್ಣಗಿರಲಿ" ಎನ್ನದೆ ಹಗ್ಗ ಇಳಿಬಿಡುತ್ತಿರಲಿಲ್ಲ. ಹೆಸರು ಹೇಳದೆ ಕುಡಿದ ನೀರು ಕದ್ದ ನೀರು ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ನಾನು. ಜರೀನಾಳಿಗೆ ನಮ್ಮ ವಿಶ್ವಕೋಶದ ಅಚ್ಚಾದ ಪುಟವನ್ನೇ ತೋರಿಸೋಣ ಎಂದು ಬಾಯಿ ಬಿಗಿಹಿಡಿದೆ.

ಅಷ್ಟರಲ್ಲಿ ಆ ಚಳಿಗಾಲ ಬಂತು — ಅಲ್ಲಿ ನಮ್ಮ ದೇಶ ಪಾಕಿಸ್ತಾನದೊಡನೆ ಯುದ್ಧಕ್ಕೆ ಇಳಿದಿತ್ತು. ಇಲ್ಲಿ ನಾವು ಕನ್ನಡದವರು ವೀಕೆಂಡ್ ಸೇರಿದರೆ ರೇಡಿಯೋ ಸುತ್ತಲೇ ಊಟ. ನನ್ನ ಗ್ರೀನ್ ಕಾರ್ಡಿನ ಕಾಗದಗಳು ಸಂಪಾದಕರ ಸಹಿಗೆ ಕಾಯುತ್ತಿದ್ದವು. ನನ್ನ ಗಂಡ ಹೇಳಿದರು: "ಖಾನ್ ಅಂತ ಹೆಸರು ಬರದು ಯಾಕ ಮೈಮ್ಯಾಲೆ ಎಳಕೋತಿ? ಪೇಪರ್ಸ್ ಕೈಗೆ ಬರೂ ತನಕ ಸುಮ್ಮನಿರು." ಅವರ ಮಾತನ್ನು ನಾನು ಸಾರಿನ ಉಪ್ಪಿನ ವಿಷಯದಲ್ಲೂ ಕೇಳಿದವಳಲ್ಲ. ಅಂದು ಕೇಳಿದೆ. ಕೇಳುವುದು ಅನುಕೂಲವಾಗಿತ್ತು.

ಸಂಪಾದಕರು ನನ್ನ ಕರಡನ್ನು ಮುಂದಿಟ್ಟುಕೊಂಡು, "ಈ ಖಾನ್ ನಿಮ್ಮವನೇನು?" ಎಂದು ಕೇಳಿದರು. ಒಳ್ಳೆಯ ಮನುಷ್ಯ. ಭಾರತೀಯ ಎಂದು ಬರೆಯಬೇಕೋ ಆಫ್ಘನ್ ಎಂದೋ, ಅಷ್ಟೇ ಅವರ ಅನುಮಾನ. ತಿದ್ದಲು ಪೆನ್ಸಿಲ್ ಕೂಡ ಹಿಡಿದಿದ್ದರು. ನನಗೆ ಮಾತ್ರ ಆ ಪ್ರಶ್ನೆಯಲ್ಲಿ ಸಹಿ, ಯುದ್ಧ, ನೌಕರಿ ಎಲ್ಲ ಕೇಳಿಸಿತು.

"ಅಲ್ಲ. ನಮ್ಮವನಲ್ಲ," ಎಂದೆ. "ಅದು ಬರೀ ಮನೆತನದ ಕಥೆ. ಅಚ್ಚಿನಲ್ಲಿ ಏನೂ ಸಿಗಲಿಲ್ಲ."

ಹಾಗಂದು, ಗಣಿ ಕಂಪನಿ ತೋಡಿಸಿದ ಬಾವಿ ಎಂದು ನನ್ನ ಕೈಯಾರೆ ಬರೆದೆ.

ಜರೀನಾಳಿಗೂ ಸಿಗಲಿಲ್ಲವೆಂದೇ ಹೇಳಿದೆ. ಅವಳು ನನ್ನ ಕೈ ಹಿಡಿದು, ನೀನು ಹುಡುಕಿದೆಯಲ್ಲ, ಅದೇ ಸಾಕು ಎಂದಳು — ನನಗೆ ಸಮಾಧಾನ ಹೇಳಿದಳು! ಆಮೇಲೆ ನನ್ನ ಮಗಳಿಗೆಂದು ಉಣ್ಣೆಯ ಟೊಪ್ಪಿಗೆ ಹೆಣೆದು ತಂದಳು. ಮಗಳು ಅದನ್ನು ಚಳಿಗಾಲವಿಡೀ ಹಾಕಿಕೊಂಡಳು.

ನಮ್ಮ ವಿಶ್ವಕೋಶವನ್ನು ನೋಡಿಯೇ ಆ ಕಲ್ಲನ್ನು ಕೆತ್ತಿದರು, ಗಣಿ ಕಂಪನಿಯ ಹೆಸರಿನಲ್ಲಿ. ಅದು ನಿಲ್ಲುವ ಹೊತ್ತಿಗೆ ಅವಳ ಅಮ್ಮನ ಕಣ್ಣು ಪೂರ್ತಿ ಹೋಗಿತ್ತು. ಮಗ, ಅಂದರೆ ಜರೀನಾಳ ತಮ್ಮ, ಕೈಹಿಡಿದು ಕರೆದೊಯ್ದನಂತೆ. ಆಕೆ ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದ್ದಾರೆ ಎಂದು ಕೇಳಿದಳಂತೆ. "ನಿನ್ನಪ್ಪನ ಹೆಸರೇ," ಎಂದನಂತೆ ಅವನು. ನನ್ನ ಸುಳ್ಳಿಗಾಗಿ ಅವನು ಹೆತ್ತ ತಾಯಿಗೆ ಸುಳ್ಳು ಹೇಳಬೇಕಾಯಿತು. ಇದನ್ನು ನನಗೆ ಹೇಳುತ್ತಾ ಜರೀನಾ ಅತ್ತಳು. ನಾನು ಬೆನ್ನು ಸವರಿದೆ. ಆಗಲೂ ಬಾಯಿ ಬಿಡಲಿಲ್ಲ — ಬಿಡಬಹುದಿತ್ತು, ಗ್ರೀನ್ ಕಾರ್ಡ್ ಆಗಲೇ ಪರ್ಸಿನಲ್ಲಿತ್ತು.

ಆಮೇಲೆ ನಾವು ಐಸೆಲಿನ್‌ನಲ್ಲಿ ಮನೆ ಕೊಂಡೆವು, ನಾನು ಬೇರೆ ಕೆಲಸ ಹಿಡಿದೆ. ಗಂಡ ತೀರಿಕೊಂಡರು. ಅವರ ಮೇಲೆ ತಪ್ಪು ಹಾಕಲು ಈಗ ಸುಲಭ, ಹಾಕುವುದಿಲ್ಲ. ಮಾತು ಅವರದಿರಬಹುದು, ನಾಲಿಗೆ ನನ್ನದೇ.

ಹೋದ ತಿಂಗಳು ಜರೀನಾಳಿಗೆ ಫೋನ್ ಮಾಡಿದೆ. ಕ್ವೀನ್ಸ್‌ನಲ್ಲಿದ್ದಾಳೆ, ನನ್ನಷ್ಟೇ ಮುದುಕಿ. ಸರ್ವೆ ಹಾಳೆ, ಸಂಪಾದಕರ ಪ್ರಶ್ನೆ, ನನ್ನ ಉತ್ತರ — ಎಲ್ಲ ಹೇಳಿದೆ. ಅಳಬಾರದೆಂದು ಮೊದಲೇ ಗಟ್ಟಿಮಾಡಿಕೊಂಡಿದ್ದೆ, ಅಳಲಿಲ್ಲ.

"ಇದನ್ನ ಅಮ್ಮನಿಗೆ ಹೇಳಬೇಕಿತ್ತು," ಎಂದಳು. "ಕಲ್ಲು ಇನ್ನೂ ಅಲ್ಲೇ ಇದೆ."

ಫೋನ್ ಇಟ್ಟಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಿರಲಿಲ್ಲ.

ಮರುದಿನವೇ ಲೈಬ್ರರಿಗೆ ಹೋಗಿ ಆ ಹಾಳೆಯ ಪ್ರತಿ ಮಾಡಿಸಿದೆ. ಆ ಸಾಲು ಬರೆದವಳು ನಾನು, ತಿಳಿದೂ ತಿಳಿದೂ ಸುಳ್ಳು ಬರೆದೆ ಎಂದು ನನ್ನ ಹೆಸರು ಹಾಕಿ ಬಿರಗೂನಾದ ಆಡಳಿತಕ್ಕೆ ಕಳಿಸಿದೆ. ಇದುವರೆಗೆ ಉತ್ತರವಿಲ್ಲ. ಇರಲಿ, ನಾನೇ ಹೋಗುತ್ತೇನೆ. "ಮಾಮ್, ವೈ ನೌ? ಯುವರ್ ನೀಸ್!" ಎನ್ನುತ್ತಾಳೆ ಮಗಳು. ಮೊಣಕಾಲು ನೋಯುತ್ತದೆ, ನಿಜ. ನೋಯಲಿ. ಟಿಕೆಟ್ ಬುಕ್ ಮಾಡಿಯಾಗಿದೆ.

ಕಲ್ಲು ತಿದ್ದಲು ಆಡಳಿತದವರು ಒಪ್ಪುವ ತನಕ ಆ ಒಂದೇ ಬೀದಿಯಲ್ಲಿ ಬಾಗಿಲು ಬಾಗಿಲು ತಟ್ಟುತ್ತೇನೆ. ಬಾವಿಯ ಕಟ್ಟೆ ಮುಟ್ಟಿ ದಾದ್ ಖಾನ್ ಎಂದು ಗಟ್ಟಿಯಾಗಿ ಹೇಳುತ್ತೇನೆ, ಅವನ ಹೊಟ್ಟೆ ತಣ್ಣಗಿರಲಿ ಎನ್ನುತ್ತೇನೆ. ಕುಡಿಯುವ ನೀರನ್ನು ಮಾತ್ರ ಬ್ಯಾಗಿನಲ್ಲಿ ಒಯ್ಯುತ್ತಿದ್ದೇನೆ. ಕಲ್ಲಿನ ಮೇಲೆ ಅವನ ಹೆಸರು ಬೀಳುವ ತನಕ ಆ ಬಾವಿಯ ನೀರು ನನಗೆ ಸಲ್ಲುವುದಿಲ್ಲ.