ಅಕ್ಕನ ಅಂಬಲಿ ಹುಳಿ

ಪಂಚಮಿಗೆ ತವರಿಗೆ ಬಂದ ಅಕ್ಕ ತನ್ನ ಅಂಬಲಿ ಗಡಿಗೆಯ ಹುಳಿಯನ್ನು ಒಂದು ಡಬ್ಬಿಯಲ್ಲಿ ತಂದಿದ್ದಳು. ಕೇಳಿದವಳು ನಾನೇ. ಆಗ ಉದಗೀರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸಕ್ಕರೆ ಕಾರ್ಖಾನೆಯಲ್ಲಿ ಕೊನೆಗೆ ಉಳಿಯುವ ಕಪ್ಪು ಪಾಕ ಕಾಕಂಬಿಯನ್ನು ಹುಳಿಸಿ ಲ್ಯಾಕ್ಟಿಕ್ ಆಮ್ಲ ತೆಗೆಯುವ ಹುಚ್ಚು ಹಿಡಿದಿತ್ತು. ಅದಕ್ಕೆ ಗಟ್ಟಿ ಜೀವಾಣು ಬೇಕಿತ್ತು.

"ಅಂಬಲಿ ಹುಳಿ ಮಾಡ್ಲಿಕ್ಕೂ ಕಾಲೇಜ್ ಬೇಕಾ ತಂಗಿ?" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮಳೆಗಾಲ ಮುಗಿಯುವುದರೊಳಗೆ ಭೂಕಂಪವಾಯಿತು. ಉಮರ್ಗಾ ಕಡೆಯ ಅವಳ ಹಳ್ಳಿಯಲ್ಲಿ ಮನೆ, ಗಡಿಗೆ, ಅಕ್ಕ ಎಲ್ಲ ಕಲ್ಲಿನಡಿ ಹೋಯಿತು. ನನ್ನ ಜಾಡಿಯಲ್ಲಿ ಮಾತ್ರ ಅವಳ ಹುಳಿ ಗುಳುಗುಳು ಎನ್ನುತ್ತಿತ್ತು. ಆಗ ಕೆಲದಿನ ಉದಗೀರದಲ್ಲಿ ನನ್ನ ಜೊತೆಗಿದ್ದ ಅವ್ವ ಅದರ ಮುಂದೆ ಕೂತು, "ಇದೊಂದಾರ ಉಳೀತಲ್ಲ," ಅನ್ನುತ್ತಿದ್ದಳು.

ಚಳಿಗಾಲದ ರಜೆಗೆ ಜಾಡಿಯನ್ನು ನಮ್ಮೂರು ಮುರುಮಕ್ಕೆ, ಅವ್ವನ ಮನೆಗೆ ತಂದೆ. ಹುಳಿ ಏರಿದರೆ ಆ ಜೀವಾಣುಗಳು ತಮ್ಮ ಹುಳಿಯಲ್ಲೇ ಸಾಯುತ್ತವೆ. ದಿನಾ ಸೀಮೆಸುಣ್ಣದ ಪುಡಿ ಹಾಕಿ ಅದನ್ನು ತಗ್ಗಿಸಬೇಕು. ಪರೀಕ್ಷೆ ಕೆಲಸಕ್ಕೆ ಒಂದು ವಾರ ಉದಗೀರಕ್ಕೆ ಹೋಗಬೇಕಾದಾಗ ಅವ್ವನಿಗೆ ಪುಡಿಯ ಪೊಟ್ಟಣ ಕೊಟ್ಟು, "ದಿನಾ ಒಂದ್ ಚಮಚ, ಅಷ್ಟ," ಎಂದೆ. ಹುಳಿಯಲ್ಲಿ ಒಂದು ಪಾಲನ್ನು ಬೇರೆ ಕಾದಿಡಬೇಕೆಂದು ಕಾಲೇಜಿನ ಮಕ್ಕಳಿಗೆ ಬೈದು ಹೇಳುವವಳು ನಾನೇ. ನಾನು ಮಾತ್ರ ನಾಳೆ ಮಾಡಿದರಾಯಿತು ಎಂದು ತಳ್ಳಿದ್ದೆ.

ತಿರುಗಿ ಬಂದಾಗ ಪಡಸಾಲೆಯಲ್ಲೇ ನಾತ ಹೊಡೆಯಿತು. ಜಾಡಿಯ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಹುಳಿವಾಸನೆ ಇಲ್ಲ, ಬರೀ ಕೊಳೆತ ನಾತ. ಪೊಟ್ಟಣ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

"ಏನ್ ಹಾಕಿದಿ ಇದರಾಗ?"

"ವಿಭೂತಿ," ಎಂದಳು ಅವ್ವ.

ನಮ್ಮದು ಮಠದ ಪೂಜೆಯ ಮನೆತನ. ಸಗಣಿ ಸುಟ್ಟು ವಿಭೂತಿಗಟ್ಟಿ ಮಾಡುವವಳು ಅವ್ವನೇ. ಅವನ್ನೇ ಪುಡಿ ಮಾಡಿ ದಿನಾ ಹಿಡಿಹಿಡಿ ಸುರಿದಿದ್ದಳು. ಅಷ್ಟು ಬೂದಿಯ ಕ್ಷಾರದಲ್ಲಿ ಆ ಹುಳಿ ಹೇಗೆ ಬದುಕೀತು? ನನ್ನ ಸಿಟ್ಟು ನೆತ್ತಿಗೇರಿತು. ಸುಡುಗಾಡು ಬಾಯಿ ನನ್ನದು.

"ಅಕ್ಕಗ ಎರಡನೇ ಸಲ ಕೊಂದಿ ನೋಡವ್ವ!"

ಅವ್ವ ಅಳಲಿಲ್ಲ. ಸೆರಗಿನ ತುದಿ ಹಿಂಡುತ್ತ ಹೇಳಿದಳು:

"ನಮ್ಮೋರಿಗಿ ಸುಡಂಗಿಲ್ಲ, ಸುತ್ತ ವಿಭೂತಿಗಟ್ಟಿ ಇಟ್ಟು ಮಣ್ಣ ಕೊಡ್ತಾರ. ಆಕಿಗಿ ಎಲ್ಲಾರ ಸಂಗಟ ಒಟ್ಟಿ ಸುಟ್ಟರು. ಒಂದ್ ಚಿಟಿಕಿ ವಿಭೂತಿನೂ ಸಿಗ್ಲಿಲ್ಲ ನನ್ನ ಕೂಸಿಗಿ. ಇದರಾಗಾರ ಆಕಿ ಇದ್ದಾಳಲ್ಲ ಅಂತ ಹಾಕಿದ್ನೆವ್ವ."

ಒಂದು ಪಾಲು ಕಾದಿಡದ ತಪ್ಪು ನನ್ನದೆಂದು ಹೇಳುವ ಧೈರ್ಯ ಆಗಲಿಲ್ಲ. ಸಂಜೆ ಹಿತ್ತಲಿನ ಬೇವಿನ ಬುಡದಲ್ಲಿ ಗುಂಡಿ ತೋಡಿದೆ. ಅವ್ವ ಉಳಿದ ಗಟ್ಟಿಗಳನ್ನೆಲ್ಲ ತಂದು ಒಳಗೆ ಸುತ್ತಲೂ ಜೋಡಿಸಿದಳು. ನಾರುವ ಆ ಜಾಡಿಯನ್ನು ಎದೆಗೆ ಅವುಚಿಕೊಂಡು ಬಂದು ನಡುವೆ ಇಟ್ಟಳು. ಆಮೇಲೆ ಪಕ್ಕಕ್ಕೆ ಸರಿದು ನನಗೆ ಹೇಳಿದಳು:

"ಹಾಕು ಮಣ್ಣ. ನಿಮ್ಮಕ್ಕಗ ನೀನೇ ಹಾಕು."