ಡೈರಿಯ ಮುಂದಿನ ಬ್ರೇಕಿಂಗ್ ನ್ಯೂಸ್

ನಮ್ಮ ಟೇಕಲ್ಲಿನಲ್ಲಿ ಈಗ ಯಾರೂ ಸುಮ್ಮನೆ ಸುದ್ದಿ ಹೇಳುವುದಿಲ್ಲ. ಎಮ್ಮೆ ಕರು ಹಾಕಿದರೂ ಬ್ರೇಕಿಂಗ್ ನ್ಯೂಸ್, ಮಾಲೂರು ಬಸ್ಸು ಕೆಟ್ಟು ನಿಂತರೂ ಬ್ರೇಕಿಂಗ್ ನ್ಯೂಸ್. ಟಿ.ವಿ.ಯ ಕೆಂಪು ಪಟ್ಟಿಯಲ್ಲಿ ಬೆಳಿಗ್ಗೆ ಬಂದದ್ದು ಸಂಜೆಯಾದರೂ ಅದೇ ಹೆಸರಿನಲ್ಲಿ ಓಡುತ್ತಿರುತ್ತದೆ. ನಮ್ಮವರು ಅದಕ್ಕಿಂತ ವಾಸಿ, ದಿನಕ್ಕೊಂದಾದರೂ ಹೊಸದು ಕೊಡುತ್ತಾರೆ.

ನಾನು ಸ್ಟೇಷನ್ ಮಾಸ್ಟರ್ ಆಗಿದ್ದವನು. ಹಿಂದಿನ ಸ್ಟೇಷನ್ ಬಿಟ್ಟಿದೆ ಎಂದು ಫೋನಿನಲ್ಲಿ ಖಚಿತ ಮಾಡಿಕೊಳ್ಳದೆ ಗಾಡಿ ಬರುತ್ತಿದೆ ಎಂದು ಯಾರಿಗೂ ಹೇಳಿದವನಲ್ಲ. ನಿವೃತ್ತಿಯಾದ ಮೇಲೂ ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಬೆಟ್ಟದ ಬುಡದವರೆಗೆ ನಡೆಯುತ್ತೇನೆ, ವಾಪಸ್ಸು ಬರುವಾಗ ಡೈರಿಯಲ್ಲಿ ಹಾಲು ತೆಗೆದುಕೊಳ್ಳುತ್ತೇನೆ. ಅಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ತಮ್ಮ ಹಾಲಿನ ಫ್ಯಾಟು ನೋಡುವವರೆಗೂ ಬೇರೆ ಕೆಲಸವಿಲ್ಲ. ಹಾಗಾಗಿ ಊರಿನ ಸುದ್ದಿಯೆಲ್ಲ ಹುಟ್ಟುವುದು ಅಲ್ಲೇ. ಅದನ್ನು ಬಿತ್ತರಿಸುವವಳು ನಮ್ಮ ಹಿಂದಿನ ಬೀದಿಯಲ್ಲಿ ಸೀಮೆಹಸು ಸಾಕಿರುವ ಹೆಂಗಸು.

ಕಳೆದ ವರ್ಷ, ರಂಜಾನ್ ಹಬ್ಬ ಇನ್ನೇನು ಬಂತು ಎನ್ನುವಾಗ, ಒಂದು ಬೆಳಿಗ್ಗೆ ನನ್ನನ್ನು ಕಂಡೊಡನೆ ಆ ಸಾಲು ಗಪ್‌ಚಿಪ್ ಆಯಿತು. ಕಾರಣ ಗೊತ್ತಾಗಲಿಲ್ಲ. ಮನೆಗೆ ಬಂದರೆ ಮುಂದಿನ ಕೋಣೆಯಲ್ಲಿ ಟೈಲರ್ ಭಾಯಿ ಮಿಷನ್ನಿಗೆ ಬಟ್ಟೆ ಮುಚ್ಚಿ ಕೂತಿದ್ದಾರೆ. ಕೋಣೆ ನನ್ನದು, ಅಂಗಡಿ ಅವರದು. ನನ್ನ ಯೂನಿಫಾರಂ ಹೊಲಿಯುತ್ತಿದ್ದ ಕಾಲದಿಂದಲೂ ಅಲ್ಲೇ ಇದ್ದಾರೆ.

"ಏನು ಭಾಯ್, ಹಬ್ಬ ಬಂತು, ಕತ್ತರಿ ಸದ್ದೇ ಇಲ್ಲ?"

"ಹೊಸ ಆರ್ಡರ್ ಹಿಡಿದು ಎಲ್ಲಿ ಕೂತ್ಕೊಂಡು ಹೊಲೀಲಿ ಸಾಬ್? ಮನೆ ಮಾರಿದ್ರಂತೆ. ನನಗೊಂದು ಮಾತು ಹೇಳಬಾರದಾಗಿತ್ತಾ?"

"ಯಾರು ಹೇಳಿದ್ದು?"

"ಡೈರಿ ಹತ್ರ ಬ್ರೇಕಿಂಗ್ ನ್ಯೂಸ್ ಅಂತೆ."

ಆಗ ಹೊಳೆಯಿತು. ಕೋತಿಗಳು ವರಾಂಡಕ್ಕೆ ನುಗ್ಗಿ ಟೊಮೇಟೊ ಹೊತ್ತೊಯ್ಯುತ್ತಿದ್ದವು. ಗ್ರಿಲ್ ಹಾಕಿಸೋಣವೆಂದು ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದ್ದೆ. ಅವನು ಹಿಂದಿನ ದಿನ ಬೆಳಿಗ್ಗೆಯೇ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದ. ಮಾಲೂರಿನ ಸುತ್ತ ಜಾಗಕ್ಕೆ ಬೆಲೆ ಏರಿದ ಮೇಲೆ ನಮ್ಮಲ್ಲಿ ಟೇಪು ಹಿಡಿದವನು ಕಂಡರೆ ಮಾರಾಟವೆಂದೇ ಅರ್ಥ.

ಗ್ರಿಲ್ಲಿನ ವಿಷಯ ಹೇಳಿದೆ. ಭಾಯಿ ಅರ್ಧ ನಕ್ಕರು. "ನಾನು ನಂಬ್ತೀನಿ ಸಾಬ್. ಗಿರಾಕಿ ನಂಬಬೇಕಲ್ಲ? ಕೊಟ್ಟಿದ್ದ ಬಟ್ಟೇನೂ ವಾಪಸ್ ತಗೊಂಡು ಮಾಲೂರಿಗೆ ಹೋಗ್ತಾ ಇದಾರೆ."

ಅವರ ವರ್ಷದ ಸಂಪಾದನೆಯಲ್ಲಿ ಮುಕ್ಕಾಲು ಪಾಲು ಆ ಹಬ್ಬದ್ದು. ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ ನಿಂತು ವಿಷಯವನ್ನು ಕ್ರಮವಾಗಿ ತಿಳಿಸಿದೆ: ಮನೆ ಮಾರಿಲ್ಲ, ಮಾರುವುದೂ ಇಲ್ಲ, ಟೈಲರ್ ಎಲ್ಲಿಗೂ ಹೋಗುವುದಿಲ್ಲ. ಒಬ್ಬ "ಹೂಂ ಮಾಸ್ಟ್ರೇ" ಎಂದು ಕ್ಯಾನು ಮುಂದಕ್ಕೆ ತಳ್ಳಿದ. ಅವನ ಹಿಂದಿದ್ದವನು ಪಿಸುಗುಟ್ಟಿದ: "ಮಾರೋರೆಲ್ಲ ಮೊದಲು ಹಿಂಗೇ ಹೇಳೋದು ಕಣೋ."

ಬೇರೆ ದಾರಿ ಉಳಿಯಲಿಲ್ಲ. ಹಳೆಯ ಪ್ಲಾಟ್‌ಫಾರಂ ದನಿ ತೆಗೆದೆ.

"ಬ್ರೇಕಿಂಗ್ ನ್ಯೂಸ್!"

ಫ್ಯಾಟು ನೋಡುತ್ತಿದ್ದವನೂ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಟೇಪು ಹಿಡ್ಕೊಂಡು ಬಂದೋನು ಗ್ರಿಲ್ ಮಾಡೋನು. ನನ್ನ ಮನೆ ಮೇಲೆ ಕಣ್ಣು ಹಾಕಿರೋದು ಕೋತಿ ಒಂದೇ, ಅದಕ್ಕೂ ಕೊಡಲ್ಲ ಅಂದಿದೀನಿ. ಟೈಲರ್ ಭಾಯಿ ಹಬ್ಬದ ಬಟ್ಟೆ ತಗೋತಾ ಇದಾರೆ!"

"ಅಯ್ಯೋ ದೇವುಡಾ, ಗ್ರಿಲ್ಲಾ?" ಎಂದಳು ಸೀಮೆಹಸುವಿನ ಹೆಂಗಸು. "ಮೊದಲೇ ಹೇಳಬಾರದಾ ಮಾಸ್ಟ್ರೇ?"

"ಈಗ ತಾನೇ ಹೇಳಿದೆನಲ್ಲಮ್ಮ!"

"ಅದು ಸುಮ್ನೆ ಹೇಳಿದ್ರಿ. ಇದು ನ್ಯೂಸು."

ಹಾಲು ತೆಗೆದುಕೊಂಡು ಬಂದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಮಾತು ಕೇಳಿಸಿತು. ಇಣುಕಿದರೆ ಭಾಯಿ ಮಿಷನ್ನಿನ ಮುಸುಕು ತೆಗೆದಿದ್ದರು. ಬಾಗಿಲಲ್ಲಿ ಬಟ್ಟೆ ಹಿಡಿದ ಗಿರಾಕಿಗಳು. ಎಲ್ಲರಿಗಿಂತ ಮುಂದೆ ಮೊಮ್ಮಗಳ ಕೈ ಹಿಡಿದು ಲಂಗದ ಬಟ್ಟೆ ಕಂಕುಳಲ್ಲಿಟ್ಟುಕೊಂಡ ಅದೇ ಹೆಂಗಸು.

"ಮೊದಲು ನಂದು ಹೊಲೀಬೇಕು ಭಾಯ್. ಊರಿಗೆಲ್ಲ ನೀನಿಲ್ಲೇ ಇದೀಯ ಅಂತ ಹೇಳ್ಕೊಂಡು ಬಂದೋಳು ನಾನು."

"ಹೊಲೀತೀನಮ್ಮ," ಎಂದರು ಭಾಯಿ, ಕೊರಳಿನಿಂದ ಅಳತೆ ಟೇಪು ತೆಗೆಯುತ್ತ. "ಇವಾಗ ಹುಡುಗಿಗೆ ಟೇಪು ಹಿಡೀತೀನಿ. ಇವಳನ್ನೂ ಮಾರಿಬಿಟ್ರು ಅಂತ ಡೈರಿ ಹತ್ರ ಹೇಳ್ಬೇಡ."